ಕೆಂಪು ಚಿಂದಿ ಬಿಚ್ಚಿದ ಕೈ

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆಸ್ಪತ್ರೆಯ ಚೀಟಿಯಲ್ಲಿ, ಮದುವೆಯ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗದೆ ಅದು ಹೊಸದಾಗಿಯೇ ಉಳಿದಿತ್ತು. ಇಳಿಜಾರು ರಸ್ತೆಯ ಬುಡದಲ್ಲಿ ತಗಡಿನ ಒಂದು ಪೆಟ್ಟಿಗೆ ಅಂಗಡಿ ಇಟ್ಟುಕೊಂಡು, ದಾರಿಯಲ್ಲಿ ಕೆಟ್ಟು ನಿಂತ ಮೋಟಾರ್ ಸೈಕಲ್ಲುಗಳನ್ನು ಹೇಗೋ ಎಬ್ಬಿಸಿ ಮನೆ ಮುಟ್ಟಿಸುವುದು ಅವನ ಕಸುಬು. "ಆಯ್ತಾ ಮೇಸ್ತ್ರಿ?" ಎಂದು ಯಾರೇ ಕೇಳಲಿ, ಅವನ ಉತ್ತರ ಒಂದೇ: "ಸದ್ಯಕ್ಕೆ ಆಯ್ತು." ಹೀಗಾಗಿ ಊರಿಗೆಲ್ಲ ಅವನು ಸದ್ಯದ ಮೇಸ್ತ್ರಿ. ಜಗಳ ಬಂದಾಗ ಹೆಂಡತಿಯೂ ಅದೇ ಹೆಸರು ಹಿಡಿದು ಕೂಗುತ್ತಿದ್ದಳು. ಅದಕ್ಕೆ ಕಾರಣವೂ ಇತ್ತು. ಮದುವೆಯಾದ ಹೊಸದರಲ್ಲಿ ಅಡುಗೆಮನೆಯ ಸೋರುವ ನಲ್ಲಿಗೆ ಟ್ಯೂಬಿನ ತುಂಡು ಸುತ್ತಿ "ಸದ್ಯಕ್ಕೆ" ಅಂದಿದ್ದ. ಮಗ ಕಾಲೇಜು ಮುಗಿಸಿದರೂ ಆ ತುಂಡು ಅಲ್ಲೇ ಇತ್ತು.

ಸದ್ಯದ ಕೆಲಸ ಎಂದರೆ ಕಳಪೆ ಕೆಲಸ ಅಂತ ತಿಳಿಯಬೇಡಿ. ಗ್ಯಾರೇಜಿನಲ್ಲಿ ಎಲ್ಲ ಸಾಮಾನೂ ಇಟ್ಟುಕೊಂಡು ರಿಪೇರಿ ಮಾಡುವುದು ಯಾವ ದೊಡ್ಡ ವಿಷಯ? ಸುಡುವ ಬಿಸಿಲಲ್ಲಿ, ಹತ್ತು ಮೈಲಿಗೆ ಅಂಗಡಿಯಿಲ್ಲದ ಕಡೆ, ಬರಿಗೈಲಿ ಗಾಡಿ ಎಬ್ಬಿಸಬೇಕು, ಆಗ ಗೊತ್ತಾಗುತ್ತದೆ. ಕ್ಲಚ್ ಕೇಬಲ್ಲಿನ ತುದಿಯ ಗುಂಡು ಕಿತ್ತುಹೋಗಿದ್ದರೆ, ಕರೆಂಟಿನ ವಯರು ಜೋಡಿಸುವ ಹಿತ್ತಾಳೆಯ ತುಂಡೊಂದನ್ನು ಅದಕ್ಕೆ ಸ್ಕ್ರೂ ಹಾಕಿ ಕಚ್ಚಿಸುತ್ತಿದ್ದ. ಪೆಟ್ರೋಲ್ ಟ್ಯಾಂಕು ಸೋರುತ್ತಿದ್ದರೆ ಬಟ್ಟೆ ಒಗೆಯುವ ಸೋಪನ್ನು ಬಿರುಕಿಗೆ ಒತ್ತಿ ತಿಕ್ಕುತ್ತಿದ್ದ. ಟ್ಯೂಬು ಪೂರ್ತಿ ಸೀಳಿಹೋಗಿ ಬೇರೆ ದಾರಿಯೇ ಇಲ್ಲದಿದ್ದರೆ ಟೈರಿನೊಳಕ್ಕೆ ಒಣಹುಲ್ಲು ತುರುಕಿ, "ನಿಧಾನ ಹೋಗಿ, ಕುದುರೆ ಮೇಲೆ ಕೂತಿದೀನಿ ಅಂದ್ಕೊಳ್ಳಿ, ಹುಲ್ಲು ತಿಂದ್ಕೊಂಡು ಹೋಗುತ್ತೆ" ಎಂದು ನಗಿಸಿ ಕಳಿಸುತ್ತಿದ್ದ.

ಆದರೆ ಹಾಗೆ ಕಳಿಸುವ ಮೊದಲು ಒಂದು ಕೆಲಸ ಮಾಡುತ್ತಿದ್ದ. ಜೇಬಿನಿಂದ ಕೆಂಪು ಬಟ್ಟೆಯ ಚಿಂದಿಯೊಂದನ್ನು ತೆಗೆದು ಕ್ಲಚ್ಚಿನ ಹಿಡಿಗೆ ಎರಡು ಗಂಟು ಹಾಕಿ ಕಟ್ಟುತ್ತಿದ್ದ. ಗೇರು ಬದಲಿಸಲು ಕೈ ಹಾಕಿದಾಗಲೆಲ್ಲ ಅದು ಎಡಗೈ ಬೆರಳಿಗೆ ತಾಗಬೇಕು. ತಾಗಿದಾಗಲೆಲ್ಲ ಗಾಡಿ ಪೂರ್ತಿ ಸರಿಯಾಗಿಲ್ಲ, ಗ್ಯಾರೇಜಿಗೆ ಹೋಗಬೇಕು ಎಂಬುದು ನೆನಪಾಗಬೇಕು. ಇದನ್ನು ಕಲಿಸಿದವನು ಅವನಿಗೆ ಕಸುಬು ಕಲಿಸಿದ ಹಳೇ ಮೇಸ್ತ್ರಿ. "ಕೆಟ್ಟು ನಿಂತ ಗಾಡಿಯಿಂದ ಭಯ ಇಲ್ಲ ಕಣೋ, ಅದು ನಿಂತಿರುತ್ತೆ. ಅರ್ಧ ಸರಿಹೋದ ಗಾಡಿ ನೋಡು, ಅದು ಓಡುತ್ತೆ, ಓಡಿಸೋನು ಮರೀತಾನೆ" ಎನ್ನುತ್ತಿದ್ದ. ಆ ಚಿಂದಿಗೆ ಒಂದು ಕಟ್ಟುಪಾಡೂ ಇತ್ತು. ಗಾಡಿಯ ಯಜಮಾನ ಅದನ್ನು ಬಿಚ್ಚುವಂತಿಲ್ಲ. ಖಾಯಂ ರಿಪೇರಿ ಮಾಡಿದವನೇ, ಮಾಡಿ ಮುಗಿಸಿದ ಮೇಲೆಯೇ, ಬಿಚ್ಚಬೇಕು. ಪೇಟೆಯ ಗ್ಯಾರೇಜಿನವರೂ ಇದನ್ನು ಒಪ್ಪಿಕೊಂಡಿದ್ದರು. ಕೆಂಪು ಕಂಡರೆ ಮೊದಲು "ಸದ್ಯದವನು ಎಲ್ಲಿ ಕೈ ಆಡಿಸಿದಾನೆ?" ಎಂದು ಕೇಳಿಯೇ ಸ್ಪ್ಯಾನರ್ ಹಿಡಿಯುತ್ತಿದ್ದರು.

ಚಿಂದಿಗೆ ಬೇಕಾದ ಬಟ್ಟೆ ಬರುತ್ತಿದ್ದುದು ಅವನ ಅಕ್ಕನ ಮನೆಯಿಂದ. ಅವಳ ಮುಂದಿನ ಕೋಣೆಯ ಕಿಟಕಿಗೆ ಎರಡು ಕೆಂಪು ಪರದೆಗಳಿದ್ದವು. ಹಳೆಯದಾದ ಮೇಲೆ ಒಂದನ್ನು ಹರಿದು ಪಟ್ಟಿ ಮಾಡಿ ಕೊಟ್ಟಿದ್ದಳು. ಅದು ಮುಗಿದಾಗ, ಇನ್ನೂ ಗಟ್ಟಿಯಿದ್ದ ಎರಡನೆಯದನ್ನೂ ಕೊಟ್ಟಳು.

ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ನರ್ಸು. ಶಾಲೆಗೆ ಚಕ್ಕರ್ ಹೊಡೆದು ಸೈಕಲ್ ಅಂಗಡಿಯ ಮುಂದೆ ಕೂರುತ್ತಿದ್ದ ತಮ್ಮನ ಕಿವಿ ಹಿಡಿದು ಹಳೇ ಮೇಸ್ತ್ರಿಯ ಬಳಿ ಕರೆದುಕೊಂಡು ಹೋಗಿ, "ಇವನ ತಲೆಗೆ ಏನೂ ಹತ್ತಲ್ಲ, ಕೈಗಾದ್ರೂ ಹತ್ತಿಸಿ" ಎಂದು ಬಿಟ್ಟುಬಂದವಳೂ ಅವಳೇ. ಆ ಋಣಕ್ಕೋ ಏನೋ, ಅವಳಿಗೆ ಮೋಟಾರ್ ಸೈಕಲ್ ಕಲಿಸಿದವನು ಅವನು. ಆಗ ಅವಳಿಗೆ ಮೂವತ್ತು. ಹೆಂಗಸು ಗಾಡಿ ಬಿಡುವುದನ್ನು ನೋಡಲು ಮೈದಾನದ ಗೋಡೆಯ ಮೇಲೆ ಜನ ಸಾಲಾಗಿ ಕೂತಿದ್ದರು. ಮೂರು ದಿನ ಕೂತರು. ನಾಲ್ಕನೇ ದಿನ ಅವಳು ಎಂಟರ ಆಕಾರದಲ್ಲಿ ತಿರುಗಿಸಿ ತೋರಿಸಿದ ಮೇಲೆ ನೋಡುವುದಕ್ಕೆ ಏನೂ ಉಳಿಯದೆ ಎದ್ದುಹೋದರು.

"ಜಲ್ಲಿ ರಸ್ತೇಲಿ, ಇಳಿಜಾರಲ್ಲಿ ಮುಂದಿನ ಬ್ರೇಕ್ ಮುಟ್ಬೇಡ ಅಕ್ಕಾ. ಜಾರಿಸಿಬಿಡುತ್ತೆ. ಕಾಲಿನ ಬ್ರೇಕ್ ಮಾತ್ರ. ಕಾಲು ನಂಬು," ಎಂದು ಹೇಳಿಕೊಟ್ಟಿದ್ದ. ಅವಳು ಹದಿನೇಳು ವರ್ಷ ಕಾಲು ನಂಬಿದಳು. ಗುಡ್ಡದ ಮೇಲಿನ ಮನೆಗಳು, ಕಲ್ಲುಕ್ವಾರಿಯ ಹಿಂದಿನ ಗುಡಿಸಲುಗಳು, ಬಸ್ಸು ಹೋಗದ ಕಡೆಗಳಿಗೆಲ್ಲ ಚೀಲ ಹಿಂದಕ್ಕೆ ಕಟ್ಟಿಕೊಂಡು ಹೋಗಿಬರುತ್ತಿದ್ದಳು. ಅವಳ ಗಾಡಿಯ ಸದ್ದು ಕೇಳಿಯೇ ಎಷ್ಟೋ ಮನೆಗಳಲ್ಲಿ ನೀರು ಕಾಯಿಸಲು ಇಡುತ್ತಿದ್ದರಂತೆ.

ಈಗ ಹೇಳಬೇಕಾದ ಮಾತಿಗೆ ಬರೋಣ. ಹನ್ನೊಂದು ವರ್ಷದ ಹಿಂದೆ ಅಕ್ಕನ ಗಾಡಿಯ ಒಂದು ನಟ್ಟು ಬಿದ್ದುಹೋಯಿತು. ಕಾಲಿನಡಿಯ ಬ್ರೇಕ್ ಪೆಡಲಿನಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಒಂದು ರಾಡು ಹೋಗುತ್ತದೆ. ಅದರ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ನಟ್ಟೊಂದಿರುತ್ತದೆ. ಅದಿಲ್ಲದಿದ್ದರೆ ರಾಡು ಜಾರಿ ಹೊರಬರುತ್ತದೆ, ಬ್ರೇಕು ಇದ್ದೂ ಇಲ್ಲದಂತೆ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ "ಏನೋ ಗಲಗಲ ಅಂತಿದೆ ನೋಡೋ" ಎಂದಾಗ ಅವನಿಗೆ ಕಂಡದ್ದು ಇದು. ಅವಳ ಗಾಡಿ ಹಳೆಯ ಮಾದರಿಯದು, ಆ ಅಳತೆಯ ನಟ್ಟು ಅವನ ಡಬ್ಬಿಯಲ್ಲಿರಲಿಲ್ಲ. ರಾಡಿನ ತುದಿಗೆ ಬಿಗಿಯಾಗಿ ಮೂರು ಸುತ್ತು ತಂತಿ ಸುತ್ತಿ, ಇಕ್ಕಳದಿಂದ ತಿರುಚಿ, ಕ್ಲಚ್ಚಿಗೆ ಕೆಂಪು ಚಿಂದಿ ಕಟ್ಟಿದ. "ನಾಳೆ ಪೇಟೆಯಿಂದ ನಟ್ಟು ತರ್ತೀನಿ. ಅಲ್ಲೀತನಕ ನಿಧಾನ ಹೋಗು."

ನಾಳೆ ಅಂದವನ ಮನೆ ಹಾಳು ಎಂದು ಸುಮ್ಮನೆ ಹೇಳುವುದಿಲ್ಲ. ಆ ನಾಳೆ ನಾಲ್ಕು ತಿಂಗಳಾಯಿತು. ಮರೆತಿದ್ದನೇ? ಮರೆತಿರಲಿಲ್ಲ. ಪೇಟೆಗೆ ಎಂಟು ಸಲ ಹೋಗಿಬಂದ. ಯಾರೋ ದಾರಿಹೋಕನ ಸೈಲೆನ್ಸರಿಗೆ ಬೇಕಾದ ಕ್ಲಿಪ್ಪು ತಂದ, ಇನ್ಯಾರಿಗೋ ಚೈನಿನ ಲಾಕು ತಂದ. ಅಕ್ಕನ ಗಾಡಿ ತಾನೇ, ಎಲ್ಲಿಗೆ ಹೋಗುತ್ತದೆ, ದಿನಾ ಕಣ್ಣೆದುರೇ ಇರುತ್ತದೆ. ತಂತಿ ಸಡಿಲವಾದಾಗ ಹೊಸ ತಂತಿ ಸುತ್ತಿದ. ಚಿಂದಿ ಬಿಸಿಲಿಗೆ ಬಿಳಿಚಿದಾಗ ಹೊಸ ಚಿಂದಿ ಕಟ್ಟಿದ. ದೀಪದ ಬುಡದಲ್ಲಿ ಕತ್ತಲು ಎಂಬ ಮಾತಿಗೆ ಬೇರೆ ಉದಾಹರಣೆ ಬೇಕಿರಲಿಲ್ಲ.

ಒಂದು ಸಂಜೆ ಅಕ್ಕ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗ ಅಲ್ಲಿ ನಾಲ್ಕು ಜನ ಟೀ ಕುಡಿಯುತ್ತಾ ಕೂತಿದ್ದರು. ಅವಳು ಜೋರು ನಗೆಯವಳು. "ನೋಡ್ರಪ್ಪಾ ನಿಮ್ಮ ಮೇಸ್ತ್ರೀನ. ನಮ್ಮ ಆಸ್ಪತ್ರೇಲಿ ಎಲ್ಲ ಕೇಳ್ತಾರೆ, ತಮ್ಮ ಮೆಕ್ಯಾನಿಕ್ಕು, ಅಕ್ಕನ ಗಾಡೀಲಿ ಯಾವಾಗ್ಲೂ ಚಿಂದಿ ನೇತಾಡ್ತಿರುತ್ತಲ್ಲ ಅಂತ. ನಾನು ಹೇಳ್ದೆ, ಅದು ಚಿಂದಿ ಅಲ್ಲಮ್ಮಾ, ನನ್ನ ತಮ್ಮ ಕೊಟ್ಟ ಒಡವೆ ಅಂತ."

ನಾಲ್ವರೂ ಬಿದ್ದುಬಿದ್ದು ನಕ್ಕರು. ಒಬ್ಬ, "ಮೇಸ್ತ್ರಿ, ಬಳೆ ಯಾವಾಗ ಮಾಡಿಸ್ಕೊಡ್ತೀರಿ?" ಅಂದ. ಅವನೂ ನಕ್ಕ, ಆದರೆ ಮುಖ ಬಿಸಿಯಾಯಿತು. ಎದ್ದು ಹೋಗಿ, ನಗುನಗುತ್ತಲೇ, ಕ್ಲಚ್ಚಿನ ಚಿಂದಿಯನ್ನು ಎರಡೇ ಬೆರಳಲ್ಲಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಬಗ್ಗಿ ಹಿಂದಿನ ಚಕ್ರದ ಹತ್ತಿರ ಏನೋ ತಿರುಗಿಸಿದಂತೆ ಮಾಡಿದ. "ಆಯ್ತಾ ಈಗ? ಇನ್ನು ಯಾರೂ ಆಡ್ಕೊಳ್ಳಲ್ಲ, ಹೋಗು." ಮನಸ್ಸಿನಲ್ಲಿ ಮಾತ್ರ, ನಾಳೆ ಖಂಡಿತ ನಟ್ಟು ತಂದು ಹಾಕಿಬಿಡುತ್ತೇನೆ ಎಂದು ಆಣೆ ಮಾಡಿಕೊಂಡ.

ಅಕ್ಕ ಚಿಂದಿ ಹೋದದ್ದನ್ನು ನೋಡಿದಳು. ಆ ಚಿಂದಿಯ ಕಟ್ಟುಪಾಡು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳ ಪರದೆ ಅದು. ಚಿಂದಿ ಬಿಚ್ಚಿದನೆಂದರೆ ನಟ್ಟು ಕೂತಿತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಮರುದಿನ ಅವನು ಆಣೆ ಉಳಿಸಿಕೊಂಡ, ಅದೇ ದೊಡ್ಡ ಹೊಟ್ಟೆಯುರಿ. ಸಂಜೆ ಪೇಟೆಗೆ ಹೋಗಿ, ಮೂರು ಅಂಗಡಿ ತಿರುಗಿ, ಸರಿಯಾದ ಅಳತೆಯ ನಟ್ಟನ್ನು ಹುಡುಕಿ ತಂದ. ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೋಗುವಾಗ ಅಂಗಡಿಯ ಮುಂದೆ ತಡೆದು ಹಾಕಿಬಿಡುವುದು ಎಂದು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಾರನೇ ದಿನ ಬಂದು ಬಾಗಿಲು ತೆರೆದ. ಅವಳು ಅಂಗಡಿಯವರೆಗೆ ಬರಲೇ ಇಲ್ಲ. ಎಂಟೂವರೆಗೆ ಬಸ್ ನಿಲ್ದಾಣದ ಟೀಯವನು ಓಡಿಬಂದ. "ಮೇಸ್ತ್ರಿ, ನಿಮ್ಮಕ್ಕ ಮೇಲೆ ತಿರುವಿನಲ್ಲಿ ಬಿದ್ದಿದಾರೆ. ಯಾವುದೋ ಕಾರಿನವರು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ರಸ್ತೆ ದಾಟ್ತಿದ್ದ ಟೈಲರಿಗೂ ಏಟಾಗಿದೆ. ಗಾಡಿ ರಸ್ತೇಲೇ ಇದೆ."

ಮೊದಲು ಆಸ್ಪತ್ರೆಗೆ ಓಡಬೇಕಿತ್ತು. ಯಾವ ತಮ್ಮನಾದರೂ ಓಡುತ್ತಿದ್ದ. ಇವನು ಸಾಮಾನಿನ ಪೆಟ್ಟಿಗೆ ಹಿಡಿದು ತಿರುವಿಗೆ ಹೋದ. ಗಾಡಿ ಗೋಡೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಬ್ರೇಕಿನ ರಾಡು ಜಾರಿ ನೆಲಕ್ಕೆ ತಾಗಿತ್ತು, ತಂತಿ ತುಂಡಾಗಿ ಅದರ ತುದಿಯಲ್ಲಿ ತೂಗಾಡುತ್ತಿತ್ತು. ಸುತ್ತ ನಿಂತಿದ್ದವರು ಒಡೆದ ಹೆಡ್‌ಲೈಟು ನೋಡುತ್ತಿದ್ದರು. ಅವನು ಗಾಡಿ ಎತ್ತಿ ನಿಲ್ಲಿಸಿ, ಹಿಂದಿನ ಚಕ್ರದ ಪಕ್ಕ ಕೂತ. ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಅದೇ ಜೇಬಿನಿಂದ ನಟ್ಟು ತೆಗೆದ. ರಾಡು ಸರಿಯಾಗಿ ಕೂರಿಸಿ, ನಟ್ಟು ಹಾಕಿ, ಬಿಗಿದು, ಪೆಡಲು ಒತ್ತಿ ನೋಡಿದ. ಹತ್ತು ನಿಮಿಷದ ಕೆಲಸ. ಇಷ್ಟು ವರ್ಷದಲ್ಲಿ ರಸ್ತೆಯ ಮೇಲೆ ಕೂತು ಅವನು ಮಾಡಿದ ಖಾಯಂ ರಿಪೇರಿ ಅದೊಂದೇ.

ಅಕ್ಕನ ಬಲ ಕಣಕಾಲು ಎರಡು ಕಡೆ ಮುರಿದಿತ್ತು. ಬಟ್ಟೆಯ ಗಂಟು ಹೊತ್ತು ರಸ್ತೆ ದಾಟುತ್ತಿದ್ದ ದರ್ಜಿಗೆ ಹ್ಯಾಂಡಲ್ ಬಡಿದು ಬಲಗೈ ಮಣಿಕಟ್ಟು ಮುರಿದಿತ್ತು. ಅವನ ಮೇಲೆ ಹೋಗದಂತೆ ಅಕ್ಕ ಗಾಡಿಯನ್ನು ಗೋಡೆಗೆ ತಿರುಗಿಸಿದ್ದರಿಂದ ಅಷ್ಟಕ್ಕೇ ಮುಗಿದಿತ್ತು. ವಿಚಾರಣೆಗೆ ಬಂದ ಪೊಲೀಸರು ಗಾಡಿಯ ಬ್ರೇಕು ಒತ್ತಿ ನೋಡಿ, "ಬ್ರೇಕ್ ಚೆನ್ನಾಗೇ ಇದೆ. ಅಮ್ಮ ಗಾಬರಿಯಾಗಿರ್ಬೇಕು" ಎಂದು ಬರೆದುಕೊಂಡರು.

ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಅಕ್ಕ ತಮ್ಮನನ್ನು ಕಂಡ ತಕ್ಷಣ ಕೇಳಿದ್ದು ನೋವಿನ ಮಾತಲ್ಲ. "ಬ್ರೇಕ್ ನೋಡಿದ್ಯೇನೋ? ಒತ್ತಿದ ಹಾಗೇ ನೆನಪು ನಂಗೆ."

ಹೇಳಿಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬೈಯುತ್ತಿದ್ದಳು, ಎರಡು ದಿನ ಮಾತು ಬಿಡುತ್ತಿದ್ದಳು, ಮೂರನೇ ದಿನ ಊಟ ಆಯ್ತಾ ಎಂದು ಕೇಳುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಆದರೆ ಪಕ್ಕದ ಮಂಚದ ಮೇಲೆ ದರ್ಜಿ ಕೂತಿದ್ದ, ವಿಚಾರಣೆಯವರು ಬಾಗಿಲಲ್ಲಿದ್ದರು, ಹೇಳಿದರೆ ನಾಳೆ ಯಾವನು ಅವನ ಕೈಗೆ ಗಾಡಿ ಕೊಡುತ್ತಾನೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಒಂದು ನಟ್ಟಿಗೆ ಹೋಗುವುದಿತ್ತು.

"ಬ್ರೇಕು ಸರಿಯಾಗೇ ಇದೆ ಅಕ್ಕಾ," ಅಂದ.

"ಹಾಗಾದ್ರೆ ನನ್ನ ಕಾಲೇ ತಪ್ಪಿದ್ದು," ಎಂದು ಮುಖ ಆ ಕಡೆ ತಿರುಗಿಸಿಕೊಂಡಳು.

ಕಾಲು ಮೂರು ತಿಂಗಳಲ್ಲಿ ಕೂಡಿತು. ನಡೆಯುವಾಗ ಸ್ವಲ್ಪ ಎಳೆಯುತ್ತಿದ್ದಳು, ಅಷ್ಟೆ. ಡಾಕ್ಟರು ಗಾಡಿ ಬಿಡಬಹುದು ಎಂದರು. ಅವಳು ಬಿಡಲಿಲ್ಲ. ಊರುಗೋಲು ಹಿಡಿದು ನಡೆಯಲು ಬಂದ ಮೊದಲ ವಾರವೇ ತಮ್ಮನ ಕೈಲಿ ಹಣ್ಣಿನ ಚೀಲ ಹಿಡಿಸಿಕೊಂಡು ದರ್ಜಿಯ ಮನೆಗೆ ಹೋದಳು. ಅವನ ಕತ್ತರಿ ಗೋಡೆಯ ಮೊಳೆಗೆ ತೂಗುಬಿದ್ದಿತ್ತು. "ನನ್ನ ತಪ್ಪಣ್ಣಾ. ಗಾಬರೀಲಿ ಕಾಲು ಕಲ್ಲಾಗಿಬಿಡ್ತು. ಒತ್ತಿದೀನಿ ಅಂದ್ಕೊಂಡೆ, ಒತ್ತಿರಲಿಲ್ಲ," ಎಂದು ಕೈ ಮುಗಿದಳು. ದರ್ಜಿ ಒಳ್ಳೆಯವನು, "ಬಿಡಮ್ಮಾ, ಹಣೆಬರಹ" ಅಂದ. ಮೇಸ್ತ್ರಿ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಭೂಮಿ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ.

ಅಕ್ಕ ತಾನೇ ಅರ್ಜಿ ಬರೆದು ಮನೆಭೇಟಿಯ ಕೆಲಸ ಬಿಟ್ಟಳು. ಆಸ್ಪತ್ರೆಯ ಒಳಗೆ ಚೀಟಿ ಬರೆದುಕೊಡುವ ಕೋಣೆಯಲ್ಲಿ ಕೂತಳು. ಬೆಳಿಗ್ಗೆ ಸಂಜೆ ಬಸ್ಸಿನ ಕಂಬಿ ಹಿಡಿದು ನಿಂತು ಓಡಾಡಿದಳು. ಬಸ್ಸು ಅವನ ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ಕಿಟಕಿಯಿಂದ ಕೈ ಬೀಸುತ್ತಿದ್ದಳು. ಗಾಡಿ ಅವಳ ಮನೆಯ ಹಿಂದಿನ ಜಗಲಿಯಲ್ಲಿ ಹಳೆಯ ಹೊದಿಕೆ ಹೊದ್ದು ನಿಂತಿತು. ಮಾರು ಎಂದರೆ ಮಾರಲಿಲ್ಲ, ಓಡಿಸು ಎಂದರೆ ಓಡಿಸಲಿಲ್ಲ.

ಆ ಗಾಡಿಗೆ ಈ ಹನ್ನೊಂದು ವರ್ಷದಲ್ಲಿ ಅವನು ಮಾಡದ ಸೇವೆಯಿಲ್ಲ. ತಿಂಗಳಿಗೊಮ್ಮೆ ಹೋಗಿ ಸ್ಟಾರ್ಟು ಮಾಡುತ್ತಿದ್ದ. ಕೇಬಲ್ಲು, ಬ್ರೇಕ್ ಶೂ, ಚೈನು, ಟೈರು ಒಂದೊಂದಾಗಿ ಹೊಸದು ಹಾಕಿದ. ಓಡದ ಗಾಡಿಗೆ ಆಯಿಲ್ ಬದಲಿಸಿದ. "ಯಾಕೋ ಅದಕ್ಕೆ ಇಷ್ಟು ಉಪಚಾರ? ಅದೇನು ನಿನ್ನ ಅತ್ತೇನಾ?" ಎಂದು ಅಕ್ಕ ನಗುತ್ತಿದ್ದಳು. ಪ್ರತಿ ಸಲ ಹೋಗುವಾಗಲೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಹೋಗುತ್ತಿದ್ದ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನಂತೆ ಕೂತು, ಅವಳು ಕೊಟ್ಟ ಟೀ ಕುಡಿದು, "ಮುಂದಿನ ತಿಂಗಳು ಬರ್ತೀನಿ" ಎಂದು ಎದ್ದುಬರುತ್ತಿದ್ದ. ತುಂಡಾದ ತಂತಿ ಮಾತ್ರ ಸಾಮಾನಿನ ಪೆಟ್ಟಿಗೆಯ ತಳದಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇತ್ತು. ಎಸೆಯಲು ಕೈ ಬಂದಿರಲಿಲ್ಲ.

ಹೀಗೇ ಇನ್ನೂ ಹನ್ನೊಂದು ವರ್ಷ ತಳ್ಳುತ್ತಿದ್ದನೇನೋ. ಆದರೆ ಈ ವರ್ಷ ಒಂದು ಮಧ್ಯಾಹ್ನ ಅಕ್ಕನ ಮಗಳು ಅಂಗಡಿಗೆ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಅವಳೂ ನರ್ಸು, ಆಗಷ್ಟೇ ಓದು ಮುಗಿಸಿದ್ದಳು. ಬಂದವಳೇ ಹಳೆಯ ಟೈರಿನ ಮೇಲೆ ಕುಕ್ಕರಿಸಿದಳು.

"ಮಾಮ, ನಂಗೆ ಕೆಲಸ ಸಿಕ್ಕಿದೆ. ಅಮ್ಮ ಮಾಡ್ತಿದ್ದಳಲ್ಲ, ಅದೇ ಮನೆಭೇಟಿ ಕೆಲಸ. ಗಾಡಿ ಬಿಡೋಕೆ ಬರ್ಲೇಬೇಕು ಅಂತಾರೆ. ಸೋಮವಾರದೊಳಗೆ ಒಪ್ಪಿಗೆ ಹೇಳ್ಬೇಕು, ಇಲ್ಲಾಂದ್ರೆ ಬೇರೆಯವರಿಗೆ ಹೋಗುತ್ತೆ."

"ಒಳ್ಳೇದಾಯ್ತಲ್ಲ. ನಾನೇ ಕಲಿಸ್ತೀನಿ."

"ಕಲಿಸೋದು ಆಮೇಲೆ. ಅಮ್ಮ ಬಿಡ್ತಿಲ್ಲ. ಏನಂತಾಳೆ ಗೊತ್ತಾ? ನಮ್ಮ ಕಾಲು ನಂಬೋ ಹಾಗಿಲ್ಲ ಅಂತೆ. ನಮ್ಮದಂತೆ! ಗಾಬರಿಯಾದಾಗ ಕಲ್ಲಾಗಿಬಿಡುತ್ತಂತೆ, ನಿನ್ನಲ್ಲೂ ನನ್ನ ರಕ್ತಾನೇ ಇದೆ, ನೀನು ಯಾರನ್ನಾದ್ರೂ ಸಾಯಿಸಿದ್ರೆ ಏನು ಮಾಡ್ಲಿ ಅಂತ ಅಳ್ತಾಳೆ." ಅವಳ ಕಣ್ಣಲ್ಲೂ ನೀರು ಬಂತು. "ಗಾಡಿ ವಿಷಯದಲ್ಲಿ ನಿನ್ನ ಮಾತು ಅಂದ್ರೆ ಅವಳಿಗೆ ವೇದವಾಕ್ಯ. ನೀನು ಬಂದು ಒಂದು ಮಾತು ಹೇಳು ಮಾಮ. ಅಮ್ಮನ ಕಾಲಲ್ಲಿ ಏನೂ ಇಲ್ಲ ಅಂತ ಹೇಳು."

ಅವನು ಕೈಯಲ್ಲಿದ್ದ ಪ್ಲಗ್ಗನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಲೇ ಇದ್ದ. ಅದು ಯಾವಾಗಲೋ ಹೊಳೆಯುವಷ್ಟು ಸ್ವಚ್ಛವಾಗಿತ್ತು. ಒಬ್ಬಳ ಕಾಲಿಗೆ ಸುತ್ತಿದ ಸುಳ್ಳು ಈಗ ಇನ್ನೊಬ್ಬಳ ಕಾಲಿಗೂ ಸುತ್ತಿಕೊಂಡಿತ್ತು. ಹೇಳದಿದ್ದರೆ ಈ ಹುಡುಗಿಯ ಕೆಲಸ ಹೋಗುತ್ತದೆ. ಹೇಳಿದರೆ ಅಕ್ಕ ಹೋಗುತ್ತಾಳೆ.

"ಭಾನುವಾರ ಬರ್ತೀನಿ," ಅಂದ. ಆಮೇಲೆ ಹುಡುಗಿ ಎದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಕೂಗಿದ, "ಬೇಡ, ಇರು. ಈಗ್ಲೇ ಬರ್ತೀನಿ." ನಾಳೆಯ ಮೇಲೆ ಅವನಿಗೆ ನಂಬಿಕೆ ಉಳಿದಿರಲಿಲ್ಲ.

ಅಕ್ಕ ಹಿಂದಿನ ಜಗಲಿಯಲ್ಲಿ, ಗಾಡಿಯ ಪಕ್ಕ, ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದಳು. ಮಗಳ ಹಿಂದೆ ತಮ್ಮ ಬಂದದ್ದು ನೋಡಿ, "ಓಹೋ, ವಕೀಲರನ್ನ ಕರ್ಕೊಂಡು ಬಂದಿದಾಳೆ" ಅಂದಳು. ಅವನು ಪ್ಲಾಸ್ಟಿಕ್ ಡಬ್ಬಿ ತೆರೆದು ತಂತಿಯನ್ನು ಅವಳ ಕೈಗೆ ಹಾಕಿದ.

"ಏನೋ ಇದು?"

"ತಂತಿ."

"ಕಣ್ಣಿದೆ ನಂಗೆ. ಯಾವ ತಂತಿ?"

ಅವನು ಹೇಳಿದ. ಮೊದಲಿನಿಂದ ಹೇಳಿದ. ನಾಲ್ಕು ತಿಂಗಳ ನಾಳೆಗಳನ್ನೂ, ಟೀ ಕುಡಿಯುತ್ತಿದ್ದ ನಾಲ್ಕು ಜನರ ಮುಂದೆ ಮುಖ ಬಿಸಿಯಾದದ್ದನ್ನೂ, ಚಿಂದಿ ಬಿಚ್ಚಿದ್ದನ್ನೂ, ತಿರುವಿನಲ್ಲಿ ಕೂತು ನಟ್ಟು ಬಿಗಿದದ್ದನ್ನೂ ಹೇಳಿದ. ನೆಲ ನೋಡಿಕೊಂಡೇ ಹೇಳಿದ. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

ಅಕ್ಕ ತಂತಿಯನ್ನು ಬೆರಳಲ್ಲಿ ಹೊರಳಿಸುತ್ತಿದ್ದಳು. ಮೆತ್ತಗೆ, "ಹಾಗಾದ್ರೆ ನಾನು ಒತ್ತಿದ್ನಾ?" ಅಂದಳು.

"ಒತ್ತಿದ್ದೆ ಅಕ್ಕಾ. ಮೂರು ಸುತ್ತಿನ ತಂತಿ ಸುಮ್ನೆ ತುಂಡಾಗಲ್ಲ. ಇಡೀ ಮೈಭಾರ ಹಾಕಿ ಒತ್ತಿದ್ದೆ."

ಬೈಗುಳಕ್ಕೆ, ಅಳುವಿಗೆ, ಕೆನ್ನೆಗೆ ಬೀಳುವ ಏಟಿಗೆ ಅವನು ಸಿದ್ಧನಾಗಿದ್ದ. ಅವಳು ನಕ್ಕಳು. ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ನಗು ಅದು. ಬಲಗಾಲನ್ನು ಚೂರು ಮುಂದೆ ಚಾಚಿ ನೋಡಿಕೊಂಡಳು. "ಒತ್ತಿದ್ದೆ. ನಂಗೊತ್ತಿತ್ತು. ಒತ್ತಿದ ನೆನಪಿತ್ತು ನಂಗೆ," ಎಂದು ಮಗಳ ಕಡೆ ತಿರುಗಿ ಹೇಳಿದಳು. ಆ ನಗು ಇದ್ದದ್ದು ಒಂದು ನಿಮಿಷ. ಆಮೇಲೆ ಅವಳಿಗೆ ಲೆಕ್ಕ ಹತ್ತಿತು.

"ಹನ್ನೊಂದು ವರ್ಷ ಕಣೋ," ಅಂದಳು. "ಹನ್ನೊಂದು ವರ್ಷ ಬಸ್ಸಲ್ಲಿ ನಿಂತೆ. ಗುಡ್ಡದ ಮೇಲಿನ ಮನೆಯವಳು ಮೂರನೇ ಹೆರಿಗೆಗೂ ನೀವೇ ಬರ್ಬೇಕು ಅಂತ ಹೇಳಿ ಕಳಿಸಿದ್ಲು. ಹೋಗ್ಲಿಲ್ಲ. ಒಲೆ ಮೇಲಿಂದ ಬಿಸಿ ಪಾತ್ರೆ ಇಳಿಸೋವಾಗ್ಲೂ ಕೈ ಕಲ್ಲಾಗುತ್ತೇನೋ ಅಂತ ಭಯ. ಪಕ್ಕದ್ಮನೆ ಮಗೂನ ರಸ್ತೆ ದಾಟಿಸೋಕೂ ಬೇರೆಯವರನ್ನ ಕರೀತಿದ್ದೆ. ಕಾಲು ಮುರಿದಿದ್ದು ಹೋಗ್ಲಿ, ಅದು ಕೂಡ್ತು. ನಾನು ಕೇಳಿದ್ನಲ್ಲೋ ನಿನ್ನ. ಕಣ್ಣು ಬಿಟ್ಟ ತಕ್ಷಣ ನಿನ್ನನ್ನೇ ಕೇಳಿದ್ನಲ್ಲ."

ಅವಳು ಥಟ್ಟನೆ ಎದ್ದಳು. "ನಡಿ. ಟೈಲರ್ ಮನೆಗೆ ಹೋಗೋಣ. ನೀನೇ ಹೇಳ್ಬೇಕು ಅವರಿಗೆ."

"ಅಮ್ಮಾ," ಎಂದಳು ಮಗಳು, "ಅವರು ತೀರ್ಕೊಂಡು ಮೂರು ವರ್ಷ ಆಯ್ತಲ್ಲ."

ಅಕ್ಕ ನಿಂತಲ್ಲೇ ನಿಂತಳು. "ಹೌದಲ್ಲ," ಅಂದಳು. ಮತ್ತೆ ಕೂತು, ಮಡಿಸಿಟ್ಟ ಬಟ್ಟೆಯನ್ನೇ ಇನ್ನೊಮ್ಮೆ ಬಿಚ್ಚಿ ಮಡಿಸಿದ ಮೇಲೆ, ತಲೆ ಎತ್ತದೆ ಕೈ ಚಾಚಿದಳು. "ಗಾಡಿ ಕೀ ಕೊಡು."

ತಿಂಗಳಿಗೊಮ್ಮೆ ಸ್ಟಾರ್ಟು ಮಾಡಲೆಂದು ಅವನ ಬಳಿಯೇ ಇರುತ್ತಿದ್ದ ಕೀಯನ್ನು ಕೊಟ್ಟ.

"ಇವಳು ಕೆಲಸಕ್ಕೆ ಹೋಗ್ತಾಳೆ. ಗಾಡೀನೂ ಕಲೀತಾಳೆ. ನೀನು ಕಲಿಸೋದು ಬೇಡ. ಗಾಡೀನ ಪೇಟೆ ಗ್ಯಾರೇಜಿನವರು ನೋಡ್ಲಿ. ನೀನಿನ್ನು ಹೋಗು."

ಟೀ ಕುಡಿಯದೆ ಆ ಮನೆಯಿಂದ ಎದ್ದುಬಂದದ್ದು ಅವನಿಗೆ ಅದೇ ಮೊದಲು. ವಾರದ ನಂತರ ಪೇಟೆಯ ಗ್ಯಾರೇಜಿನವನು ಸಿಕ್ಕಿ, "ನಿಮ್ಮಕ್ಕ ಗಾಡಿ ತಂದಿದ್ರಪ್ಪಾ. ಬೆಳಿಗ್ಗೆಯಿಂದ ಹುಡುಕಿದೆ, ಒಂದು ಸ್ಕ್ರೂ ಕೂಡ ಸಡಿಲ ಇಲ್ಲ. ಮಾಡೋಕೇನೂ ಇಲ್ಲಮ್ಮಾ ಅಂತ ಹೇಳಿ ಕಳಿಸ್ದೆ" ಎಂದ. ಮೇಸ್ತ್ರಿ ಹೂಂಗುಟ್ಟಿದ. ಅಂಗಡಿಯ ಮುಂದೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಅಕ್ಕನ ಮುಖ ಕಾಣುತ್ತಿತ್ತು. ಕೈ ಮಾತ್ರ ಆಡುತ್ತಿರಲಿಲ್ಲ.

ಅವಳ ಮಗಳು ಕಲಿತಳು. ಯಾರು ಕಲಿಸಿದರೋ ಅವನಿಗೆ ಗೊತ್ತಾಗಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಅವನು ಬಾಗಿಲು ತೆರೆದು ಸಾಮಾನು ಹೊರಗಿಡುತ್ತಿದ್ದಾಗ, ಇಳಿಜಾರಿನ ಮೇಲಿನಿಂದ ಆ ಗಾಡಿಯ ಸದ್ದು ಬಂತು. ಎಷ್ಟು ಗಾಡಿಗಳ ನಡುವೆ ಬೇಕಾದರೂ ಅವನು ಗುರುತಿಸಬಲ್ಲ ಸದ್ದು. ತಲೆ ಎತ್ತಿ ನೋಡಿದ. ಹುಡುಗಿ ಹಿಂದೆ ಕೂತಿದ್ದಳು. ಮುಂದೆ ಕೂತು ಹ್ಯಾಂಡಲ್ ಹಿಡಿದವಳು ಅಕ್ಕ. ತಿರುವು ದಾಟಿ, ಗೋಡೆ ದಾಟಿ, ದರ್ಜಿ ಬಿದ್ದ ಜಾಗ ದಾಟಿ, ಮೈಯೆಲ್ಲ ಬಿಗಿಹಿಡಿದು, ನಿಧಾನವಾಗಿ ಇಳಿದು ಬರುತ್ತಿದ್ದಳು. ಅಂಗಡಿಯ ನೇರಕ್ಕೆ ಬಂದಾಗ ಅವಳ ಬಲಗಾಲು ಪೆಡಲಿನ ಮೇಲೆ ಇಳಿಯಿತು, ಗಾಡಿ ಅವನ ಎದುರು ನಿಂತಿತು.

"ನಿಂತಿತು ನೋಡು," ಅಂದಳು.

ಎರಡು ತಿಂಗಳ ನಂತರ ಅವನಿಗೆ ಅವಳು ಹೇಳಿದ ಮೊದಲ ಮಾತು ಅದು. ಅವನು ತಲೆಯಾಡಿಸಿದ. ಅವಳ ಹಣೆಯಲ್ಲಿ ಬೆವರಿತ್ತು, ತುಟಿ ಕಚ್ಚಿಕೊಂಡಿದ್ದಳು. ಗಾಡಿಯಿಂದ ಇಳಿಯುವಾಗ ಮಗಳ ಭುಜ ಹಿಡಿದು ಇಳಿದಳು.

"ಒಂದು ಸಲ ಬಿಟ್ಟು ನೋಡ್ಬೇಕು ಅಂತಿತ್ತು. ಇನ್ನು ಸಾಕು. ಕಣಕಾಲು ಕೇಳಲ್ಲ, ಮಂಡೀನೂ ಕೇಳಲ್ಲ. ಐವತ್ತೆಂಟಾಯ್ತು," ಎಂದಳು. ಅವನಿಗೆ ಹೇಳಿದಳೋ ಮಗಳಿಗೋ ತಿಳಿಯಲಿಲ್ಲ.

"ಟೀ ತರಿಸ್ಲಾ ಅಕ್ಕಾ?"

"ಬೇಡ. ಇವಳಿಗೆ ಹೊತ್ತಾಯ್ತು."

ಹುಡುಗಿ ಮುಂದಕ್ಕೆ ಸರಿದು ಹ್ಯಾಂಡಲ್ ಹಿಡಿದಳು. ಅಕ್ಕ ಹಿಂದೆ ಹತ್ತಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮಗಳ ಸೊಂಟ ಹಿಡಿದು ಕೂತಳು. ಗಾಡಿ ಹೋಯಿತು. ಅದು ನಿಂತಿದ್ದ ಜಾಗದಲ್ಲಿ, ಧೂಳಿನ ಮೇಲೆ, ಹಿಂದಿನ ಚಕ್ರದ ಗುರುತು ಗಟ್ಟಿಯಾಗಿ ಒತ್ತಿತ್ತು. ಸದ್ಯದ ಮೇಸ್ತ್ರಿ ಅದನ್ನು ತುಳಿಯದೆ ಬಳಸಿಕೊಂಡು ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಈ ಹನ್ನೊಂದು ವರ್ಷದಲ್ಲಿ ಯಾವ ಬೆಳಿಗ್ಗೆ ಬೇಕಾದರೂ ಅವಳು ಹೀಗೆ ಬಂದು ನಿಲ್ಲಬಹುದಿತ್ತು.